ಚಲಿಸುವ ಮನೆಗೆ ಒಳಗೋಡೆ

ಮನೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮುರಕಲ್ಲಿನ ಗೋಡೆ ಮತ್ತು ಹಂಚಿನ ಮಾಡು. ಆದರೆ ಚಕ್ರಗಳ ಮೇಲೆ ಓಡಾಡುವ ಮನೆಗಳೂ ಉಂಟು. ವ್ಯಾನಿನೊಳಗೆ ಹಾಸಿಗೆ, ಒಲೆ, ಕಪಾಟುಗಳನ್ನು ಅಳವಡಿಸಿ ಅದರಲ್ಲೇ ರಾತ್ರಿ ಕಳೆಯುವ ವ್ಯವಸ್ಥೆಗೆ ಕ್ಯಾರವಾನ್ ಎನ್ನುತ್ತಾರೆ. ಜರ್ಮನಿಯ ವೆಸ್ಟ್‌ಫಾಲಿಯಾ ಸಂಸ್ಥೆಯು 1951ರಲ್ಲಿಯೇ ಫೋಕ್ಸ್‌ವ್ಯಾಗನ್ ವ್ಯಾನುಗಳಿಗೆ ಇಂಥ ಸಲಕರಣೆಗಳನ್ನು ಕೂರಿಸತೊಡಗಿತು. ಕೇರಳ ಸರಕಾರವು 2021ರಲ್ಲಿ ‘ಕೆರವಾನ್ ಕೇರಳ’ ಎಂಬ ಯೋಜನೆಯನ್ನು ಪ್ರಕಟಿಸಿದ ಮೇಲೆ ಈ ಮಾತು ನಮ್ಮ ಕಾಸರಗೋಡಿನ ಕಡೆಯೂ ಕೇಳಿಬರುತ್ತಿದೆ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಬಡಗಿ ಕೆಲಸವನ್ನೋ ವಾಹನಗಳಿಗೆ ಬಾಡಿ ಕಟ್ಟುವ ಕೆಲಸವನ್ನೋ ಹಿಡಿಯಬಹುದು. ಆದುದರಿಂದ ಇಂಥ ವಾಹನದ ಒಳಗೋಡೆಗೆ ಯಾವ ವಸ್ತು ತಕ್ಕುದು ಎಂಬುದನ್ನು ನಾವು ತರಗತಿಯಲ್ಲಿ ಕಲಿತ ವಿಜ್ಞಾನದ ನೆರವಿನಿಂದಲೇ ವಿವೇಚಿಸೋಣ.

ಎರಡು ಗೋಡೆಗಳ ಅಂತರ

ಮುರಕಲ್ಲಿನ ಗೋಡೆ ಒಂದು ಗೇಣು ದಪ್ಪ. ವ್ಯಾನಿನ ಗೋಡೆಯಾದರೋ ಒಂದು ಮಿಲಿಮೀಟರಿಗಿಂತಲೂ ತೆಳುವಾದ ಉಕ್ಕಿನ ತಗಡು. ಉಕ್ಕು ಮರಕ್ಕಿಂತ ಸುಮಾರು 400 ಪಟ್ಟು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಹೀಗಾಗಿ ಹಗಲಿನ ಬಿಸಿಲು ನೇರವಾಗಿ ಒಳಗೆ ಇಳಿಯುತ್ತದೆ. ರಾತ್ರಿಯ ಚಳಿಯೂ ಹಾಗೆಯೇ. ಅಲ್ಲದೆ ಮನೆಯ ಗೋಡೆ ನಿಂತಲ್ಲೇ ನಿಂತಿರುತ್ತದೆ; ವ್ಯಾನಿನ ಗೋಡೆ ಹೊಂಡಗುಂಡಿಗಳಲ್ಲಿ ದಿನವಿಡೀ ಅಲುಗುತ್ತದೆ. ಮನೆಗೆ ಒಪ್ಪುವ ಗಾರೆ, ಟೈಲ್ಸು, ಜಿಪ್ಸಂ ಹಲಗೆಗಳು ಇಲ್ಲಿ ಬಿರುಕು ಬಿಡುತ್ತವೆ. ಮೊಳೆ ಹೊಡೆದರೆ ಕೆಲವೇ ದಿನಗಳಲ್ಲಿ ಸಡಿಲಾಗುತ್ತದೆ. ಹಲಗೆಯನ್ನು ಸ್ಕ್ರೂಗಳಿಂದ ವಾಹನದ ಪಕ್ಕೆಲುಬುಗಳಿಗೆ ಬಿಗಿಯಬೇಕು. ಹಿಗ್ಗಲು ಕುಗ್ಗಲು ಎಡೆಯಾಗುವಂತೆ ಹಲಗೆಗಳ ನಡುವೆ ಎರಡು ಮೂರು ಮಿಲಿಮೀಟರ್ ಅಂತರ ಬಿಡಬೇಕು.

ತೂಕದ ಲೆಕ್ಕ

ಒಂದು ವ್ಯಾನಿನ ವಾಸದ ಭಾಗ 3.5 ಮೀಟರ್ ಉದ್ದ, 1.6 ಮೀಟರ್ ಅಗಲ, 1.8 ಮೀಟರ್ ಎತ್ತರ ಇದೆ ಎಂದಿಟ್ಟುಕೊಳ್ಳೋಣ. ಎರಡು ಪಕ್ಕಗಳು ಮತ್ತು ಮೇಲ್ಚಾವಣಿ ಸೇರಿ ಸುಮಾರು 18 ಚದರ ಮೀಟರ್ ಆಗುತ್ತದೆ. ಪ್ಲೈವುಡ್‌ನ ಸಾಂದ್ರತೆ ಒಂದು ಘನ ಮೀಟರಿಗೆ ಸುಮಾರು 600 ಕಿಲೋಗ್ರಾಂ. 3 ಮಿ.ಮೀ. ದಪ್ಪದ ಹಲಗೆ ಹೊದಿಸಿದರೆ ಒಟ್ಟು ತೂಕ 32 ಕಿಲೋ, 6 ಮಿ.ಮೀ. ಆದರೆ 65 ಕಿಲೋ, 12 ಮಿ.ಮೀ. ಆದರೆ 130 ಕಿಲೋ. ಕೊನೆಯದು ಇಬ್ಬರು ಪ್ರಯಾಣಿಕರ ತೂಕಕ್ಕೆ ಸಮ. ಇದರ ಮೇಲೆ ನೀರಿನ ತೊಟ್ಟಿ, ಬ್ಯಾಟರಿ, ಸಾಮಾನು ಬೇರೆ. ನೋಂದಣಿ ಪತ್ರದಲ್ಲಿ ಕಾಣಿಸಿದ ಒಟ್ಟು ತೂಕವನ್ನು ಮೀರಿದರೆ ಬ್ರೇಕು, ಟಯರುಗಳಿಗೆ ಅಪಾಯ. ಮನೆಗೆ ದಪ್ಪ ಹಲಗೆ ಭದ್ರತೆ. ಬಂಡಿಗೆ ಅದೇ ಹೊರೆ.

ಇಬ್ಬನಿಯ ಪಾಠ

ನಮ್ಮ ಕರಾವಳಿಯಿಂದ ಹೊರಟ ವಾಹನವು ವಯನಾಡು ದಾಟಿ ನೀಲಗಿರಿಯಲ್ಲಿ ತಂಗಿತೆನ್ನೋಣ. ಹೊರಗೆ 10 ಡಿಗ್ರಿ ಸೆಲ್ಸಿಯಸ್ ಚಳಿ. ಒಳಗೆ ಇಬ್ಬರು ಮಲಗಿದ್ದಾರೆ, ಬಾಗಿಲು ಕಿಟಕಿ ಮುಚ್ಚಿದೆ. ಮಲಗಿದ ಒಬ್ಬ ಮನುಷ್ಯ ಉಸಿರು ಮತ್ತು ಚರ್ಮದ ಮೂಲಕ ಗಂಟೆಗೆ ಸುಮಾರು 40 ಗ್ರಾಂ ನೀರಾವಿಯನ್ನು ಹೊರಬಿಡುತ್ತಾನೆ. ಇಬ್ಬರು 8 ಗಂಟೆ ಮಲಗಿದರೆ 640 ಗ್ರಾಂ. ಚಹಾ ಕಾಯಿಸಿದರೆ ಇನ್ನಷ್ಟು, ಏಕೆಂದರೆ ಒಂದು ಕಿಲೋ ಅಡುಗೆ ಅನಿಲ ಉರಿದಾಗ ಸುಮಾರು 1.6 ಕಿಲೋ ನೀರು ಆವಿಯಾಗಿ ಹುಟ್ಟುತ್ತದೆ.

ಇಷ್ಟು ನೀರು ಎಲ್ಲಿಗೆ ಹೋಗಬೇಕು? 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. 10 ಡಿಗ್ರಿಯಲ್ಲಿ 9 ಗ್ರಾಂ ಮಾತ್ರ. ನಮ್ಮ ವ್ಯಾನಿನಲ್ಲಿರುವುದು ಸುಮಾರು 10 ಘನ ಮೀಟರ್ ಗಾಳಿ. ಹೆಚ್ಚುವರಿ ಆವಿಯು ತಣ್ಣನೆಯ ತಗಡಿನ ಮೇಲೆ ನೀರಾಗಿ ಕೂರದೆ ಗತಿಯಿಲ್ಲ.

ಇಲ್ಲಿಯೇ ಬಹುಮಂದಿ ಎಡವುವುದು. ಅಂದವಾದ ಹಲಗೆ ಹೊದಿಸಿದೊಡನೆ ತಗಡು ಮರೆಯಾಗುತ್ತದೆಯೇ ಹೊರತು ಬೆಚ್ಚಗಾಗುವುದಿಲ್ಲ. ಸಂದುಗಳ ಮೂಲಕ ಆವಿಯು ಹಲಗೆಯ ಹಿಂದೆ ಹೋಗಿ, ಯಾರಿಗೂ ಕಾಣದಂತೆ ನೀರಾಗುತ್ತದೆ. ತಗಡಿಗೆ ತುಕ್ಕು, ಹಲಗೆಗೆ ಬೂಸಲು ಹಿಡಿಯುತ್ತದೆ. ಇದಕ್ಕೆ ಪರಿಹಾರವೆಂದರೆ, ಒಳಗೆ ಮುಚ್ಚಿದ ಸಣ್ಣ ಗುಳ್ಳೆಗಳಿರುವ, ನೀರು ಹೀರದ ನೈಟ್ರೈಲ್ ರಬ್ಬರಿನ ಹಾಳೆಯಂಥ ಉಷ್ಣನಿರೋಧಕವನ್ನು ತಗಡಿಗೆ ಎಡೆಯಿಲ್ಲದಂತೆ ಅಂಟಿಸುವುದು. ಅದರ ಮೇಲೆ ಹಲಗೆ ಹೊದಿಸುವುದು. ಕೆಳಗೊಂದು ಮೇಲೊಂದು ಗಾಳಿಕಂಡಿ ಬಿಡುವುದು. ಗಾಳಿಕಂಡಿಯಿಲ್ಲದ ಬಂಡಿಯಲ್ಲಿ ಯಾವ ಹಲಗೆಯೂ ಬಹುಕಾಲ ಬಾಳದು.

ಅಂಟಿನ ವಿಷ

ಪ್ಲೈವುಡ್ ಎಂದರೆ ಮರದ ತೆಳು ಹಾಳೆಗಳನ್ನು ಅಂಟಿನಿಂದ ಕೂಡಿಸಿದ ಹಲಗೆ. ಅಗ್ಗದ ಹಲಗೆಗಳ ಅಂಟಿನಲ್ಲಿ ಯೂರಿಯಾ ಮತ್ತು ಫಾರ್ಮಾಲ್ಡಿಹೈಡ್ ಇರುತ್ತವೆ. ಶಾಖ ಮತ್ತು ತೇವ ಹೆಚ್ಚಿದಂತೆ ಫಾರ್ಮಾಲ್ಡಿಹೈಡ್ ಅನಿಲವು ಹೆಚ್ಚು ಹೊರಬರುತ್ತದೆ. ಅದು ಕಣ್ಣು, ಮೂಗು, ಗಂಟಲುಗಳನ್ನು ಉರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು.

ಇದು ಕೇವಲ ಪುಸ್ತಕದ ಮಾತಲ್ಲ. 2005ರ ಆಗಸ್ಟ್‌ನಲ್ಲಿ ಅಮೆರಿಕದ ದಕ್ಷಿಣ ಕರಾವಳಿಗೆ ಕತ್ರಿನಾ ಎಂಬ ಚಂಡಮಾರುತ ಬಡಿಯಿತು. ಮನೆ ಕಳೆದುಕೊಂಡ ಕುಟುಂಬಗಳಿಗೆ ಅಲ್ಲಿನ ಸರಕಾರವು ಚಕ್ರದ ಮನೆಗಳನ್ನು ಕೊಟ್ಟಿತು. ಅವುಗಳಲ್ಲಿ ವಾಸವಾದವರಿಗೆ ಕಣ್ಣುರಿ, ಕೆಮ್ಮು, ತಲೆನೋವು ಕಾಣಿಸಿಕೊಂಡವು. 2007ರ ಕೊನೆಯಲ್ಲಿ ಮತ್ತು 2008ರ ಆರಂಭದಲ್ಲಿ 519 ಮನೆಗಳ ಗಾಳಿಯನ್ನು ಪರೀಕ್ಷಿಸಿದಾಗ ಫಾರ್ಮಾಲ್ಡಿಹೈಡ್‌ನ ಸರಾಸರಿ ಪ್ರಮಾಣ ನೂರು ಕೋಟಿಯಲ್ಲಿ 77 ಭಾಗ ಎಂದು ತಿಳಿಯಿತು. ಅದು ಅಲ್ಲಿನ ಸಾಮಾನ್ಯ ಮನೆಗಳಲ್ಲಿ ಇರುವುದಕ್ಕಿಂತ ಹೆಚ್ಚು. 2010ರಲ್ಲಿ ಆ ದೇಶವು ಇಂಥ ಹಲಗೆಗಳಿಂದ ಹೊರಬರುವ ಅನಿಲಕ್ಕೆ ಮಿತಿಯಿಟ್ಟು ಕಾನೂನು ಮಾಡಿತು. ಬಿರುಗಾಳಿಯಿಂದ ಪಾರಾಗಿ ಬಂದವರನ್ನು ಆಶ್ರಯ ಕೊಟ್ಟ ಗೋಡೆಯೇ ಕಾಡಿತೆಂಬುದನ್ನು ನಾವು ಮರೆಯಬಾರದು.

ಬೆಂಕಿಯ ಪ್ರಶ್ನೆ

ಒಲೆಗೂ ಹಾಸಿಗೆಗೂ ಎರಡು ಹೆಜ್ಜೆ ದೂರವಿರುವ ಕೋಣೆ ಇದು. ವಾಹನದ ಒಳಹೊದಿಕೆ ಎಷ್ಟು ಬೇಗ ಉರಿಯಬಹುದು ಎಂಬುದಕ್ಕೆ ಅಮೆರಿಕವು 1972ರಲ್ಲಿ ಮಿತಿ ಹಾಕಿತು. ಅಡ್ಡಲಾಗಿ ಹಿಡಿದ ತುಂಡಿನಲ್ಲಿ ಜ್ವಾಲೆಯು ನಿಮಿಷಕ್ಕೆ 102 ಮಿ.ಮೀ., ಅಂದರೆ 4 ಅಂಗುಲ, ಮೀರಿ ಹರಿಯಬಾರದು. ನೆಟ್ಟಗೆ ನಿಂತ ಗೋಡೆಯಲ್ಲಿ ಬೆಂಕಿ ಇನ್ನೂ ಬೇಗ ಮೇಲೇರುತ್ತದೆ ಎಂಬುದನ್ನು ಗಮನಿಸತಕ್ಕದ್ದು. ಥರ್ಮೋಕೋಲ್ ಹಗುರ ಮತ್ತು ಅಗ್ಗ. ಆದರೆ ಬೆಂಕಿ ತಗಲಿದರೆ ಕರಗಿ, ಕಪ್ಪು ಹೊಗೆ ಕಾರುತ್ತಾ ಉರಿಯುತ್ತದೆ. ಪಿ.ವಿ.ಸಿ. ಹಲಗೆಗೆ ನೀರು ತಾಗದು. ಆದರೆ ಉರಿದರೆ ಹೈಡ್ರೋಜನ್ ಕ್ಲೋರೈಡ್ ಎಂಬ ಉಸಿರುಗಟ್ಟಿಸುವ ಅನಿಲವನ್ನು ಬಿಡುತ್ತದೆ.

ಆಯ್ಕೆ ಹೇಗೆ?

ಹಾಗಾದರೆ ಯಾವುದನ್ನು ಆರಿಸಬೇಕು? ಗಟ್ಟಿಮರದ ಪಟ್ಟಿಗಳು ಕಣ್ಣಿಗೆ ಚೆಂದ. ಆದರೆ ಭಾರ ಹೆಚ್ಚು, ಮಳೆಗಾಲದಲ್ಲಿ ಉಬ್ಬುತ್ತವೆ. ರತ್ನಗಂಬಳಿಯಂಥ ಬಟ್ಟೆ ಬಾಗಿದ ಮೂಲೆಗಳಿಗೆ ಹೊಂದಿಕೊಳ್ಳುತ್ತದೆ, ಸದ್ದನ್ನೂ ತಗ್ಗಿಸುತ್ತದೆ. ಆದರೆ ನಮ್ಮ ಕರಾವಳಿಯ ಆಟಿ ತಿಂಗಳ ತೇವವನ್ನು ಹಿಡಿದು ನಾರುತ್ತದೆ. ಭಾರತೀಯ ಮಾನಕ ಐ.ಎಸ್. 710ರ ಗುರುತುಳ್ಳ ಮೆರೈನ್ ಪ್ಲೈವುಡ್ 72 ಗಂಟೆ ಕುದಿಯುವ ನೀರಿನ ಪರೀಕ್ಷೆಯನ್ನು ತಾಳಬಲ್ಲದು. ಅದರ ಫೀನಾಲ್ ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಕಡಿಮೆ. ಬೆಂಕಿ ನಿಧಾನಗೊಳಿಸುವ ಪ್ಲೈವುಡ್‌ಗೆ ಐ.ಎಸ್. 5509 ಎಂಬ ಗುರುತು.

ಎಲ್ಲವನ್ನೂ ತೂಗಿ ನೋಡಿದರೆ, ಒಂದೇ ವಸ್ತುವಿನಿಂದ ಕೆಲಸ ಸಾಗದು ಎಂಬುದು ಸ್ಪಷ್ಟ. ಕಪಾಟು ತೂಗುವ ಪಕ್ಕದ ಗೋಡೆಗೆ 6 ಮಿ.ಮೀ. ಮೆರೈನ್ ಪ್ಲೈವುಡ್, ಮೇಲ್ಚಾವಣಿಗೆ 3 ಅಥವಾ 4 ಮಿ.ಮೀ., ಒಲೆಯ ಸುತ್ತ ಸ್ಟೀಲ್ ಇಲ್ಲವೆ ಅಲ್ಯುಮಿನಿಯಂ ತಗಡು ಹೊದಿಸುವುದು ಯುಕ್ತ. ತೂಕ, ನೀರು, ಗಾಳಿ, ಬೆಂಕಿ ಈ ನಾಲ್ಕರ ಪರೀಕ್ಷೆ ಮುಗಿದ ಮೇಲೆಯೇ ಬಣ್ಣ ಮತ್ತು ಬೆಲೆಯ ಮಾತು.

ಮನೆಯಲ್ಲಿ ಮಾಡಿ ನೋಡಿರಿ

ಮೂರು ಸ್ಟೀಲ್ ಲೋಟಗಳಿಗೆ ಐಸ್ ನೀರು ತುಂಬಿರಿ. ಒಂದನ್ನು ಹಾಗೆಯೇ ಇಡಿರಿ. ಎರಡನೆಯದಕ್ಕೆ ರಟ್ಟನ್ನು ಸಡಿಲವಾಗಿ ಸುತ್ತಿರಿ. ಮೂರನೆಯದಕ್ಕೆ ಹಳೆಯ ರಬ್ಬರ್ ಹಾಳೆಯನ್ನು ಬಿಗಿಯಾಗಿ ಸುತ್ತಿ, ಅಂಚುಗಳನ್ನು ಟೇಪಿನಿಂದ ಮುಚ್ಚಿರಿ. ಅರ್ಧ ಗಂಟೆಯ ಬಳಿಕ ರಟ್ಟನ್ನೂ ರಬ್ಬರನ್ನೂ ಬಿಚ್ಚಿ ಲೋಟಗಳ ಹೊರಮೈಯನ್ನು ಮುಟ್ಟಿ ನೋಡಿರಿ. ರಟ್ಟಿನ ಒಳಮೈ ಏಕೆ ಒದ್ದೆಯಾಯಿತು? ಈ ಲೋಟಗಳಲ್ಲಿ ವ್ಯಾನಿನ ತಗಡು ಯಾವುದು, ಹಲಗೆ ಯಾವುದು? ಉತ್ತರವನ್ನು ಬರೆದು ವಿಜ್ಞಾನದ ಅಧ್ಯಾಪಕರಿಗೆ ತೋರಿಸಿರಿ. ಹೊಸ ಕಪಾಟನ್ನು ತಣ್ಣನೆಯ ಗೋಡೆಗೆ ಒತ್ತಿ ನಿಲ್ಲಿಸಬೇಕೆಂದಿರುವ ತಂದೆತಾಯಿಯರಿಗೂ ಈ ಪ್ರಯೋಗವನ್ನು ತೋರಿಸಿದರೆ ಒಳಿತು.