ಕಪ್ಪು ವೈರ್ ಅಂದ್ರೆ ಮೈನಸ್ಸೇನಾ? ಟ್ರಾವೆಲ್ ಟ್ರೇಲರ್ ಕಲಿಸುವ ಪಾಠ

ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಮುಂದೆ 12 ವೋಲ್ಟ್ ಬ್ಯಾಟರಿ ಇದೆ. ಪಕ್ಕದಲ್ಲಿ ಎರಡು ವೈರ್: ಒಂದು ಕಪ್ಪು, ಒಂದು ಬಿಳಿ. ಕಪ್ಪು ವೈರನ್ನ ಯಾವ ಟರ್ಮಿನಲ್‌ಗೆ ಹಾಕ್ತೀರಿ? ಬೈಕು, ಕಾರು ಬಿಚ್ಚಿ ನೋಡಿದವರು ಯೋಚನೆಯನ್ನೇ ಮಾಡದೆ "ಮೈನಸ್‌ಗೆ" ಅಂತೀರಿ. ಅಮೆರಿಕದ ಟ್ರಾವೆಲ್ ಟ್ರೇಲರ್‌ನಲ್ಲಿ ಈ ಉತ್ತರ ಸಾಮಾನ್ಯವಾಗಿ ತಪ್ಪು. ಈ ಒಂದು ತಪ್ಪಿನಿಂದ ಏನೇನಾಗುತ್ತೆ, ಅದನ್ನ ಹುಡುಕೋದು ಹೇಗೆ ಅನ್ನೋದೇ ಈ ಲೇಖನದ ವಿಷಯ.

ಎರಡು ವ್ಯವಸ್ಥೆ, ಒಂದೇ ಗಾಡಿ

ಟ್ರಾವೆಲ್ ಟ್ರೇಲರ್ ಅಂದ್ರೆ ಕಾರು ಅಥವಾ ಪಿಕಪ್ ಹಿಂದೆ ಕಟ್ಟಿಕೊಂಡು ಎಳೆಯುವ ಚಿಕ್ಕ ಮನೆ. ಹಾಸಿಗೆ, ಅಡುಗೆಮನೆ, ಬಚ್ಚಲು ಎಲ್ಲ ಒಳಗೇ ಇರುತ್ತೆ. ಇದರಲ್ಲಿ ಎರಡು ವಿದ್ಯುತ್ ವ್ಯವಸ್ಥೆಗಳಿವೆ. ದೀಪ, ನೀರಿನ ಪಂಪು, ಗ್ಯಾಸ್ ಸೋರಿಕೆ ಅಲಾರಂ 12 ವೋಲ್ಟ್ ಡಿಸಿಯಲ್ಲಿ ನಡೆಯುತ್ತವೆ. ಎಸಿ, ಮೈಕ್ರೋವೇವ್ 120 ವೋಲ್ಟ್ ಎಸಿಯಲ್ಲಿ. ಕ್ಯಾಂಪ್‌ಗ್ರೌಂಡಿನ ಕಂಬದಿಂದ ಕರೆಂಟ್ ತಗೊಂಡಾಗ, ಒಳಗಿರುವ ಕನ್ವರ್ಟರ್ 120 ವೋಲ್ಟ್ ಎಸಿಯನ್ನು ಸುಮಾರು 13.6 ವೋಲ್ಟ್ ಡಿಸಿಯಾಗಿ ಮಾಡಿ ದೀಪಗಳನ್ನೂ ಉರಿಸುತ್ತೆ, ಬ್ಯಾಟರಿಯನ್ನೂ ಚಾರ್ಜ್ ಮಾಡುತ್ತೆ.

ಬಣ್ಣದ ಗೊಂದಲ ಹುಟ್ಟೋದು ಇಲ್ಲೇ. ಅಮೆರಿಕದ ಮನೆ ವೈರಿಂಗ್‌ನಲ್ಲಿ ಕಪ್ಪು ಅಂದ್ರೆ ಫೇಸ್, ಬಿಳಿ ಅಂದ್ರೆ ನ್ಯೂಟ್ರಲ್. ಟ್ರೇಲರ್ ತಯಾರಕರು ಡಿಸಿಯಲ್ಲೂ ಇದೇ ಅಭ್ಯಾಸ ಮುಂದುವರಿಸಿ, ಕಪ್ಪನ್ನು ಪ್ಲಸ್, ಬಿಳಿಯನ್ನು ಮೈನಸ್ ಮಾಡಿರುತ್ತಾರೆ. ಕಾರಿನಲ್ಲಿ ಕಪ್ಪು ಅಂದ್ರೆ ಮೈನಸ್. ನಮ್ಮೂರಿನ ಹಳೇ ಮನೆಗಳಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಅಂದರೆ ಒಂದೇ ಕಪ್ಪು ಬಣ್ಣಕ್ಕೆ ಮೂರು ಕಡೆ ಮೂರು ಅರ್ಥ! ಬಣ್ಣ ಅನ್ನೋದು ಜನರ ನಡುವಿನ ಒಪ್ಪಂದ ಅಷ್ಟೇ, ಭೌತಶಾಸ್ತ್ರದ ನಿಯಮ ಅಲ್ಲ.

ಬ್ಯಾಟರಿ ಉಲ್ಟಾ ಆದರೆ

ಮಾಲೀಕರೊಬ್ಬರು ಹೊಸ ಬ್ಯಾಟರಿ ತಂದು, ಕಪ್ಪನ್ನು ಮೈನಸ್‌ಗೆ ಹಾಕಿದರು ಅಂತ ಇಟ್ಕೊಳ್ಳಿ. ಒಂದು ಕಿಡಿ ಹಾರುತ್ತೆ. ತಪ್ಪು ಗೊತ್ತಾಗಿ ತಕ್ಷಣ ತಿರುಗಿಸಿ ಸರಿಯಾಗಿ ಹಾಕ್ತಾರೆ. ದೀಪ ಹತ್ತುತ್ತೆ. "ಸದ್ಯ, ಏನೂ ಆಗಿಲ್ಲ" ಅಂತ ನಿಟ್ಟುಸಿರು. ಎರಡು ದಿನ ಕಳೆದ ಮೇಲೆ, ಕಂಬದ ಕರೆಂಟ್ ಹಾಕಿದ್ದರೂ ದೀಪ ಮಂಕಾಗೋಕೆ ಶುರು.

ಯಾಕೆ ಹೀಗೆ? ಕನ್ವರ್ಟರ್‌ನ ಔಟ್‌ಪುಟ್‌ಗೆ ಅಡ್ಡಲಾಗಿ ಸಾಮಾನ್ಯವಾಗಿ ಒಂದು ಡಯೋಡ್ ಇರುತ್ತೆ. ಮಾಮೂಲಿಯಾಗಿ ಅದು ರಿವರ್ಸ್ ಬಯಾಸ್‌ನಲ್ಲಿ ಸುಮ್ಮನೆ ಕೂತಿರುತ್ತೆ. ಬ್ಯಾಟರಿ ಉಲ್ಟಾ ಆದ ಕ್ಷಣ ಫಾರ್ವರ್ಡ್ ಬಯಾಸ್ ಆಗಿ, ಹೆಚ್ಚುಕಮ್ಮಿ ಶಾರ್ಟ್ ಸರ್ಕ್ಯೂಟ್‌ನಂತೆ ಕರೆಂಟ್ ಹರಿಸುತ್ತೆ. ಆಗ ರಿವರ್ಸ್ ಪೊಲಾರಿಟಿ ಫ್ಯೂಸ್‌ಗಳು (ಸಾಮಾನ್ಯವಾಗಿ 30 ಅಥವಾ 40 ಆಂಪಿಯರ್‌ನವು) ಸುಟ್ಟು, ಕನ್ವರ್ಟರನ್ನು ಉಳಿಸುತ್ತವೆ. ಎರಡನೇ ಸೆಮಿಸ್ಟರ್‌ನಲ್ಲಿ ಓದಿದ ಡಯೋಡ್ ಇಲ್ಲಿ ಕಾವಲುಗಾರ! ಆದರೆ ಫ್ಯೂಸ್ ಸುಟ್ಟ ಮೇಲೆ ಕನ್ವರ್ಟರ್‌ಗೂ ಬ್ಯಾಟರಿಗೂ ಸಂಬಂಧ ಕಡಿದಿದೆ. ಈಗ ದೀಪ ಉರೀತಿರೋದು ಬ್ಯಾಟರಿಯಲ್ಲಿ ಉಳಿದಿರೋ ಚಾರ್ಜಿನಿಂದ ಮಾತ್ರ.

ಹುಡುಕುವ ಕ್ರಮ

ಕೈಗೆ ಸಿಕ್ಕಿದ್ದನ್ನೆಲ್ಲ ಬದಲಾಯಿಸೋದು ರಿಪೇರಿ ಅಲ್ಲ. ಒಂದು ಹೆಜ್ಜೆಗೆ ಒಂದೇ ಪ್ರಶ್ನೆ ಕೇಳಿ. ಬೇಕಾದದ್ದು ಒಂದು ಮಲ್ಟಿಮೀಟರ್. ಕೈಯಲ್ಲಿ ಉಂಗುರ, ಲೋಹದ ವಾಚ್ ಇದ್ದರೆ ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯಲ್ಲ ನಿಜ, ಆದರೆ ಶಾರ್ಟ್ ಆದರೆ ಉಂಗುರವನ್ನು ಕೆಂಪಗೆ ಕಾಯಿಸುವಷ್ಟು ಕರೆಂಟ್ ಬ್ಯಾಟರಿಯಲ್ಲಿದೆ.

1. ಹೊರಗಿನ ಕರೆಂಟ್ ತೆಗೆಯಿರಿ, ಬ್ಯಾಟರಿಯ ಎರಡೂ ವೈರ್ ಬಿಚ್ಚಿ. ಬ್ಯಾಟರಿಯನ್ನು ಮಾತ್ರ ಅಳೆಯಿರಿ. ಲೆಡ್ ಆ್ಯಸಿಡ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ 12.6 ವೋಲ್ಟ್ ಆಸುಪಾಸು ತೋರಿಸಬೇಕು.

2. ಮೈನಸ್ ವೈರ್ ಯಾವುದು? ದೀಪ, ಪಂಪು ಎಲ್ಲ ಆಫ್ ಮಾಡಿ, ಟ್ರೇಲರ್‌ನ ಕಬ್ಬಿಣದ ಚಾಸಿಗೂ ಒಂದೊಂದು ವೈರಿಗೂ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. ಹೆಚ್ಚುಕಮ್ಮಿ ಸೊನ್ನೆ ಓಮ್ ತೋರಿಸೋದೇ ಮೈನಸ್. ದೀಪ ಆನ್ ಇದ್ದರೆ ಇನ್ನೊಂದು ವೈರ್ ಕೂಡ ಕಡಿಮೆ ಓಮ್ ತೋರಿಸಿ ದಾರಿ ತಪ್ಪಿಸುತ್ತೆ, ಹುಷಾರು. ಗೊತ್ತಾದ ಮೇಲೆ ಪ್ಲಸ್ ವೈರಿಗೆ ಕೆಂಪು ಟೇಪ್ ಸುತ್ತಿಬಿಡಿ. ಮುಂದೆ ಬರುವವರು ನಿಮ್ಮನ್ನ ನೆನೆಸ್ಕೊಳ್ತಾರೆ.

3. ಬ್ಯಾಟರಿ ಸರಿಯಾಗಿ ಜೋಡಿಸಿ. ದೀಪ ಹತ್ತದಿದ್ದರೆ ಬ್ಯಾಟರಿ ಹತ್ತಿರದ ಮುಖ್ಯ ಫ್ಯೂಸ್ ಅಥವಾ ಬ್ರೇಕರ್ ನೋಡಿ. ಅದರ ಒಂದು ಬದಿಯಲ್ಲಿ 12 ವೋಲ್ಟ್ ಇದ್ದು ಇನ್ನೊಂದು ಬದಿಯಲ್ಲಿ ಸೊನ್ನೆ ಬಂದರೆ ಕಳ್ಳ ಅಲ್ಲೇ ಇದ್ದಾನೆ.

4. ಹೊರಗಿನ ಕರೆಂಟ್ ಹಾಕಿ ಬ್ಯಾಟರಿ ಟರ್ಮಿನಲ್‌ಗಳ ಮೇಲೆ ಮತ್ತೆ ಅಳೆಯಿರಿ. 13 ವೋಲ್ಟ್ ದಾಟಿದರೆ ಚಾರ್ಜ್ ಆಗ್ತಿದೆ. ಮೊದಲಿದ್ದ 12.3, 12.4ರಲ್ಲೇ ನಿಂತಿದ್ದರೆ ಎರಡೂ ಕರೆಂಟ್ ತೆಗೆದು, ಡಿಸಿ ಪ್ಯಾನೆಲ್‌ನ ರಿವರ್ಸ್ ಪೊಲಾರಿಟಿ ಫ್ಯೂಸ್‌ಗಳನ್ನು ಹೊರಗೆಳೆದು ಕಂಟಿನ್ಯುಟಿ ನೋಡಿ. ಕಣ್ಣಿಗೆ ಚೆನ್ನಾಗಿ ಕಂಡ ಫ್ಯೂಸ್ ಒಳಗೆ ತುಂಡಾಗಿರಬಹುದು.

5. ಅದೇ ರೇಟಿಂಗ್‌ನ ಹೊಸ ಫ್ಯೂಸ್ ಹಾಕಿ. ಮತ್ತೆ ಸುಟ್ಟರೆ ಮೊದಲು ಪೊಲಾರಿಟಿ ಇನ್ನೊಮ್ಮೆ ನೋಡಿ. ಅದು ಸರಿ ಇದ್ದರೆ ಡಯೋಡೇ ಶಾರ್ಟ್ ಆಗಿರಬಹುದು, ಕನ್ವರ್ಟರ್ ಬದಲಿಸಬೇಕಾಗುತ್ತೆ. ನಮ್ಮಲ್ಲಿ ಮಾಡೋ ಹಾಗೆ ಫ್ಯೂಸ್ ಜಾಗಕ್ಕೆ ತಾಮ್ರದ ಎಳೆ ಕಟ್ಟಬೇಡಿ. ಆಗ ಫ್ಯೂಸ್ ಬದಲು ಉರಿಯೋದು ಗೋಡೆಯೊಳಗಿನ ವೈರ್.

ದೀಪ ಹತ್ತಿದರೆ ಕೆಲಸ ಮುಗೀತಾ?

ಇಲ್ಲ. ನಿಜವಾದ ಅಪಾಯ ಇರೋದು ಸದ್ದಿಲ್ಲದೆ ಸತ್ತಿರೋ ಭಾಗಗಳಲ್ಲಿ. ಫಿಲಮೆಂಟ್ ಬಲ್ಬ್‌ಗೆ ಪ್ಲಸ್ ಮೈನಸ್ ಬೇಧ ಇಲ್ಲ. ಡಿಸಿ ಮೋಟರ್ ಉಲ್ಟಾ ತಿರುಗಿ, ಸರಿಪಡಿಸಿದ ಮೇಲೆ ನೆಟ್ಟಗಾಗುತ್ತೆ. ಆದರೆ ಗ್ಯಾಸ್ ಅಲಾರಂನಂಥ ಎಲೆಕ್ಟ್ರಾನಿಕ್ ಬೋರ್ಡುಗಳು ಉಲ್ಟಾ ವೋಲ್ಟೇಜ್‌ಗೆ ಹಾಳಾಗಬಹುದು. ಅಲಾರಂ ಸತ್ತಿದ್ದರೆ ಮಲಗಿರೋವಾಗ ಗ್ಯಾಸ್ ಸೋರಿದರೂ ಯಾರನ್ನೂ ಎಬ್ಬಿಸಲ್ಲ. ಅದರ ಟೆಸ್ಟ್ ಬಟನ್ ಒತ್ತಿ ನೋಡದೆ ಆ ರಾತ್ರಿ ಒಳಗೆ ಮಲಗಬಾರದು.

ಇನ್ನೊಂದು, ಬ್ರೇಕ್. ಓಡುವಾಗ ಟ್ರೇಲರ್ ಕೊಂಡಿ ಕಳಚಿಕೊಂಡರೆ, ಬ್ರೇಕ್‌ಅವೇ ಸ್ವಿಚ್ ಟ್ರೇಲರ್‌ನ ಬ್ಯಾಟರಿಯಿಂದಲೇ ಅದರ ಎಲೆಕ್ಟ್ರಿಕ್ ಬ್ರೇಕ್ ಹಾಕಿಸುತ್ತೆ. ಬ್ಯಾಟರಿ ಖಾಲಿಯಾಗಿದ್ದರೆ ಆ ಬ್ರೇಕ್ ಇಲ್ಲ. ಮಂಕಾದ ದೀಪ ಬರೀ ಕಿರಿಕಿರಿ ಅಲ್ಲ, ಎಚ್ಚರಿಕೆ.

ಎಸಿ ಕಡೆಯ ತಪ್ಪು

ಅಮೆರಿಕದ ಮನೆಗಳಿಗೆ ಸೆಂಟರ್ ಟ್ಯಾಪ್ ಇರುವ ಟ್ರಾನ್ಸ್‌ಫಾರ್ಮರ್‌ನಿಂದ ಎರಡು ಲೈವ್ ವೈರ್ ಬರುತ್ತವೆ. ಯಾವುದಾದರೂ ಒಂದಕ್ಕೂ ನ್ಯೂಟ್ರಲ್‌ಗೂ ನಡುವೆ 120 ವೋಲ್ಟ್, ಎರಡು ಲೈವ್‌ಗಳ ನಡುವೆ 240. ಟ್ರೇಲರ್‌ನ ಮೂರು ಪಿನ್ನಿನ 30 ಆಂಪಿಯರ್ ಸಾಕೆಟ್‌ಗೆ ಬೇಕಾದದ್ದು 120 ಮಾತ್ರ. ಆದರೆ ಹಳೇ ಬಟ್ಟೆ ಒಣಗಿಸುವ ಯಂತ್ರಗಳಿಗೂ 30 ಆಂಪಿಯರ್, ಮೂರು ಪಿನ್, ಅಲ್ಲಿ 240. ಅದರ ಗುಂಗಿನಲ್ಲಿ ಎಲೆಕ್ಟ್ರಿಷಿಯನ್ ಮನೆಯಲ್ಲಿ ಟ್ರೇಲರ್ ಸಾಕೆಟ್‌ಗೂ 240 ಎಳೆದರೆ, ಪ್ಲಗ್ ಹಾಕಿದ ಕ್ಷಣವೇ ಮೈಕ್ರೋವೇವ್, ಕನ್ವರ್ಟರ್‌ಗಳಿಗೆ ದುಪ್ಪಟ್ಟು ವೋಲ್ಟೇಜ್.

ಹಾಗಾಗಿ ಪ್ಲಗ್ ಹಾಕೋ ಮೊದಲೇ ಮೂರು ಅಳತೆ: ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 120, ಫೇಸ್ ಮತ್ತು ಅರ್ಥಿಂಗ್ ನಡುವೆ ಸುಮಾರು 120, ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ ಸೊನ್ನೆ ಹತ್ತಿರ. ಒಂದು ತಪ್ಪಿದರೂ ಪ್ಲಗ್ ಹಾಕಬೇಡಿ. ಅದರಲ್ಲೂ ಅರ್ಥಿಂಗ್ ಕಡಿದಿದ್ದರೆ ದೊಡ್ಡ ಗಂಡಾಂತರ. ಟ್ರೇಲರ್ ನಿಂತಿರೋದು ರಬ್ಬರ್ ಟೈರ್ ಮೇಲೆ. ಒಳಗೆ ಎಲ್ಲೋ ಫೇಸ್ ಬಾಡಿಗೆ ತಾಗಿದರೆ ಇಡೀ ಬಾಡಿ ಲೈವ್ ಆಗುತ್ತೆ, ಬ್ರೇಕರ್ ಮಾತ್ರ ಬೀಳಲ್ಲ. ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿ ಮುಟ್ಟಿದ ಮಗುವೇ ಆಗ ಅರ್ಥಿಂಗ್ ವೈರ್.

ಲ್ಯಾಬ್‌ನಲ್ಲಿ ಮಾಡಿ ನೋಡಿ

ಟ್ರೇಲರ್ ಇಲ್ಲದೆಯೂ ಈ ಪಾಠ ಕಲೀಬಹುದು. ಕರೆಂಟ್ ಲಿಮಿಟ್ ಇರೋ 12 ವೋಲ್ಟ್ ಡಿಸಿ ಸಪ್ಲೈ, ಒಂದು ಫಿಲಮೆಂಟ್ ಬಲ್ಬ್, ರೆಸಿಸ್ಟರ್ ಮತ್ತು ಸಾದಾ ಡಯೋಡ್ ಜತೆ ಸೀರೀಸ್‌ನಲ್ಲಿ ಒಂದು ಎಲ್‌ಇಡಿ, ಒಂದು ಪುಟ್ಟ ಮೋಟರ್ ತಗೊಳ್ಳಿ. ನೇರ ಜೋಡಿಸಿ, ಆಮೇಲೆ ಉಲ್ಟಾ ಜೋಡಿಸಿ. ಯಾವುದು ಉರೀತು, ಯಾವುದು ಹಿಂದಕ್ಕೆ ತಿರುಗಿತು, ಯಾವುದು ಸುಮ್ಮನಾಯ್ತು ಬರ್ಕೊಳ್ಳಿ. ಕೊನೆಗೆ ಸ್ನೇಹಿತರೊಬ್ಬರಿಗೆ ಹೇಳಿ, ಬೇಕಂತಲೇ ಬಣ್ಣ ಅದಲುಬದಲು ಮಾಡಿ ವೈರಿಂಗ್ ಮಾಡಿಸಿ. ನೀವು ಮೀಟರ್ ಹಿಡಿದು ಬಿಡಿಸಿ.

ಬೇರೆಯವರು ಮಾಡಿದ ವೈರಿಂಗ್ ಮುಟ್ಟುವ ದಿನ ನಮ್ಮಲ್ಲಿ ಎಲ್ಲರಿಗೂ ಬಂದೇ ಬರುತ್ತೆ, ಅದು ಟ್ರೇಲರ್ ಆಗಲಿ, ಊರಿನ ಪಂಪ್‌ಸೆಟ್ ಆಗಲಿ. ಅವತ್ತು ಬಣ್ಣ ನೋಡಿ ಕೈ ಹಾಕಬೇಡಿ. ಅಳೆದು ಕೈ ಹಾಕಿ.