ಕಮಿನ್ಸ್ ಬಿ ಸರಣಿ: ಲಾರಿ-ಬಸ್ಸುಗಳ ಡೀಸೆಲ್ ಎಂಜಿನ್

• ತಯಾರಕರು: ಅಮೆರಿಕದ ಕಮಿನ್ಸ್ ಕಂಪನಿ. ಸ್ಥಾಪನೆ: 1919. ಕೇಂದ್ರ ಕಚೇರಿ: ಇಂಡಿಯಾನಾ ರಾಜ್ಯದ ಕೊಲಂಬಸ್.

• ರಚನೆ: ಪ್ರಸಿದ್ಧ 5.9 ಲೀಟರ್ ಮಾದರಿಯಲ್ಲಿ ಒಂದೇ ಸಾಲಿನ 6 ಸಿಲಿಂಡರ್‌ಗಳು. ಸಿಲಿಂಡರ್ ವ್ಯಾಸ 102 ಮಿ.ಮೀ., ಪಿಸ್ಟನ್ ಚಲನೆ 120 ಮಿ.ಮೀ.

• ಕಾರ್ಯವಿಧಾನ: ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಸಂಪೀಡನದಿಂದ ಕಾದ ಗಾಳಿಗೆ ಡೀಸೆಲ್ ಸಿಂಪಡಿಸಿದಾಗ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಟರ್ಬೋಚಾರ್ಜರ್ ಹೊರಹೋಗುವ ಹೊಗೆಯ ಶಕ್ತಿಯಿಂದಲೇ ತಿರುಗಿ, ಸಿಲಿಂಡರ್‌ಗೆ ಹೆಚ್ಚು ಗಾಳಿ ತುಂಬುತ್ತದೆ. ಹಾಗಾಗಿ ಅದೇ ಗಾತ್ರದ ಎಂಜಿನ್ ಹೆಚ್ಚು ಶಕ್ತಿ ಕೊಡುತ್ತದೆ.

• ಭಾರತದಲ್ಲಿ: ಜಮ್ಶೆಡ್‌ಪುರದ ಟಾಟಾ ಕಮಿನ್ಸ್, 1993ರಲ್ಲಿ ಸ್ಥಾಪನೆಯಾದ ಜಂಟಿ ಉದ್ಯಮ.

• ನೆನಪಿಡಿ: ಡೀಸೆಲ್ ಎಂಜಿನ್ ಜನಕ ಜರ್ಮನಿಯ ರುಡಾಲ್ಫ್ ಡೀಸೆಲ್. ಭಾರತದಲ್ಲಿ ಬಿಎಸ್-6 ಹೊಗೆ ನಿಯಮ ಜಾರಿಯಾದದ್ದು 2020ರ ಏಪ್ರಿಲ್ 1ರಂದು.