ಮಲ್ಲನ ಪಂಚಶ್ರಮ

ಶ್ರಮವೆಂದೊಡನೆ ನಮಗೆ ದಣಿವು ನೆನಪಾಗುತ್ತದೆ. ಸಂಸ್ಕೃತದಲ್ಲಿ ಈ ಶಬ್ದಕ್ಕೆ ಮಲ್ಲರೂ ಆಯುಧಧಾರಿಗಳೂ ಮಾಡುವ ಸಾಧನೆಯೆಂಬ ಅರ್ಥವೂ ಉಂಟು. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮಲ್ಲವಿನೋದ ಪ್ರಕರಣದಲ್ಲಿ ಆ ಶಬ್ದವು ಈ ಅರ್ಥದಲ್ಲಿಯೇ ಬಂದಿದೆ. ವಿನೋದವು ಅರಸನದು, ಮಲ್ಲನ ಪಾಲಿಗೆ ಉಳಿದದ್ದು ಶ್ರಮವೇ.

ಅಲ್ಲಿ ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಬಾಹುಪೆಲ್ಲಣಕಶ್ರಮ, ಸ್ತಂಭಶ್ರಮಗಳೆಂಬ ಸಾಧನೆಗಳು ಹೇಳಲ್ಪಟ್ಟಿವೆ. ಭಾರವನ್ನೆತ್ತುವುದರಿಂದ ಕಸುವು, ನಡಿಗೆಯಿಂದ ಕಾಲಿನ ತಾಳಿಕೆ. ಇವು ಸುಲಭವಾಗಿ ತಿಳಿಯುವಂಥವು. ತೋಳಿಗೆ ತೋಳೊಡ್ಡಿ ಸೆಣಸುವುದು ಬಾಹುಪೆಲ್ಲಣಕ. ನೀರಿನ ಸಾಧನೆಯು ವಿಚಾರಾರ್ಹವಾದುದು. ನೆಲದ ಮೇಲೆ ಕಾಲೂರಿದವನು ಉಸಿರನ್ನು ಮರೆತರೂ ಕೆಲಕಾಲ ನಡೆದೀತು; ನೀರಿನಲ್ಲಿ ನಡೆಯದು. ಕೈಕಾಲುಗಳ ಬೀಸಿಗೂ ಉಸಿರಿಗೂ ಅಲ್ಲಿ ಹೊಂದಾಣಿಕೆ ಇರಲೇಬೇಕು. ಇನ್ನು ಕಂಬವನ್ನು ಕೈಕಾಲುಗಳಿಂದ ಸುತ್ತಿ ಅಡರುವವನಿಗೆ ತನ್ನ ಮೈಯೇ ಹೊರೆ. ಆ ಹೊರೆಯನ್ನು ಬಾಗಿಸಿ ತಿರುಗಿಸಲು ಬಾರದವನಿಗೆ ಎದುರಾಳಿಯ ಮೈಯನ್ನು ತಿರುಗಿಸುವುದು ಹೇಗೆ ಬಂದೀತು? ಇವುಗಳಲ್ಲಿ ಯಾವೊಂದೂ ಕುಸ್ತಿಯ ಪಟ್ಟಲ್ಲ. ಪಟ್ಟುಗಳ ಕಲಿಕೆ ಬೇರೆಯೇ ಇದೆ. ಪಟ್ಟನ್ನು ಹಾಕಲು ಯೋಗ್ಯವಾದ ದೇಹವನ್ನು ಎಲ್ಲ ಕಡೆಯಿಂದಲೂ ಸಿದ್ಧಗೊಳಿಸುವುದೇ ಇವುಗಳ ಪ್ರಯೋಜನ.

ನಮ್ಮ ಶಾಲೆಯಲ್ಲಿ ಓದಿದ ಹುಡುಗನೊಬ್ಬನು ಗರಡಿಗೆ ಸೇರಿ, ಗುಂಡುಕಲ್ಲೆತ್ತುವುದೊಂದರಲ್ಲಿಯೇ ಹೆಸರಾದನು. ದಂಡೆ ಬಸ್ಕಿಗಳೂ ಅವನಿಗೆ ಬೇಸರ. ಊರವರ ಹೊಗಳಿಕೆಯೂ ಇದಕ್ಕೆ ಕಾರಣವೆನ್ನದೆ ವಿಧಿಯಿಲ್ಲ, ನಾನೂ ಹೊಗಳಿದವರಲ್ಲೊಬ್ಬನು. ಜಾತ್ರೆಯ ಕುಸ್ತಿಯಲ್ಲಿ ತನಗಿಂತ ಸಣ್ಣ ಮೈಯವನನ್ನು ಮೊದಲ ಹಿಡಿತದಲ್ಲಿಯೇ ಮೇಲೆತ್ತಿದನು. ಜನರೆಲ್ಲ ಕೂಗಿದರು. ಆದರೆ ಆತನು ನುಣುಚಿಕೊಂಡು ಇಳಿದು, ಇವನನ್ನು ಅಖಾಡದ ಸುತ್ತಲೂ ಆಡಿಸತೊಡಗಿದನು. ಸ್ವಲ್ಪ ಹೊತ್ತಿನಲ್ಲಿಯೇ ಇವನ ಬಾಯಿ ತೆರೆಯಿತು, ಮೊಣಕಾಲು ನಡುಗಿತು. ಬೀಳುವಾಗ ಮೈಯನ್ನು ಹೊರಳಿಸಲು ತಿಳಿಯದೆ ಕೈಯೂರಿದುದರಿಂದ ಭುಜದ ಕೀಲು ತಪ್ಪಿತು. ಮನೆಯ ಎರಡು ಎಕರೆ ಹೊಲವನ್ನು ಆ ವರ್ಷ ಅವನ ತಾಯಿಯೇ ಕೂಲಿಯವರನ್ನು ಹಿಡಿದು ಉಳಿಸಿಕೊಂಡಳು.

ಭುಜವು ಗುಣವಾದ ಮೇಲೆ ಅವನು ನನ್ನಲ್ಲಿಗೆ ಬಂದಾಗ ಮಲ್ಲವಿನೋದವನ್ನು ಓದಿ ಅರ್ಥ ಹೇಳಿದೆನು. ಸಲಿಲಶ್ರಮದವರೆಗೆ ಸುಮ್ಮನೆ ಕೇಳಿದವನು, “ಗುರುಗಳೇ, ನನಗೆ ನೀರೆಂದರೆ ಹೆದರಿಕೆ” ಎಂದನು. ಅಷ್ಟು ದೊಡ್ಡ ಕಲ್ಲನ್ನೆತ್ತಿದ ಹುಡುಗ! ಮರುದಿನ ಮುಂಜಾನೆ ಅವನ ವಸ್ತಾದರು ಅವನನ್ನು ಕೆರೆಗೆ ಕರೆದೊಯ್ದು, ಸೊಂಟದುದ್ದ ನೀರಿನಲ್ಲಿ ನಿಲ್ಲಿಸಿ, ಮೊದಲು ಉಸಿರು ಬಿಡುವುದನ್ನು ಕಲಿಸಿದರು.